ತರಬೇತುದಾರನ ಹೆಗಲಿಗೆ ಜೋಳಿಗೆ

2022ರ ಏಪ್ರಿಲ್ 20ರಂದು ಅಮೆರಿಕದ ಕಾಲೇಜು ಕ್ರೀಡಾವಲಯಕ್ಕೆ ಯಾರೂ ನಿರೀಕ್ಷಿಸದಿದ್ದ ಸುದ್ದಿಯೊಂದು ಬಂದಿತು. ಫಿಲಡೆಲ್ಫಿಯಾ ನಗರದ ಹೊರವಲಯದಲ್ಲಿರುವ ವಿಲನೋವಾ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡವನ್ನು 21 ವರ್ಷ ಪಳಗಿಸಿದ್ದ ಜೇ ರೈಟ್ ತಮ್ಮ 60ನೆಯ ವಯಸ್ಸಿನಲ್ಲಿ ನಿವೃತ್ತಿ ಘೋಷಿಸಿದರು. ಕೇವಲ 18 ದಿನಗಳ ಹಿಂದೆ ಅವರ ತಂಡ ರಾಷ್ಟ್ರೀಯ ಪಂದ್ಯಾವಳಿಯ ಸೆಮಿಫೈನಲ್‌ವರೆಗೆ ಬಂದು ಕ್ಯಾನ್ಸಸ್ ಎದುರು ಸೋತಿದ್ದಿತು. ಅನಾರೋಗ್ಯವಿಲ್ಲ, ಹಗರಣವಿಲ್ಲ, ಸೋಲಿನ ಸರಮಾಲೆಯಂತೂ ಇಲ್ಲವೇ ಇಲ್ಲ. ಹಾಗಾದರೆ ಏಕೆ ಬಿಟ್ಟರು ಎಂಬ ಪ್ರಶ್ನೆಯ ಸುತ್ತಲೇ ಪತ್ರಿಕೆಗಳು ವಾರಗಟ್ಟಲೆ ಬರೆದವು. ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇದ್ದಿತು: ರೈಟ್ ವಿಶ್ವವಿದ್ಯಾಲಯವನ್ನು ತೊರೆಯುವುದಿಲ್ಲ, ಅದರ ಅಧ್ಯಕ್ಷರಿಗೆ, ಅಂದರೆ ನಮ್ಮ ಕುಲಪತಿಯ ಸ್ಥಾನದಲ್ಲಿರುವವರಿಗೆ, ವಿಶೇಷ ಸಹಾಯಕರಾಗಿ ನಿಧಿ ಸಂಗ್ರಹ, ಸಲಹೆ, ಬೋಧನೆ ಮುಂತಾದ ಕೆಲಸಗಳಲ್ಲಿ ತೊಡಗುವರು.

ಈ ಎರಡನೆಯ ಮಾತಿಗೆ ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ. ನನ್ನ ಆಸಕ್ತಿಯಾದರೋ ಅದರಲ್ಲಿಯೇ ಇದೆ. ಆಟದ ಅಂಕಣದಿಂದ ದಾನಿಗಳ ದಿವಾನಖಾನೆಗೆ ಒಬ್ಬ ತರಬೇತುದಾರ ನಡೆದುಹೋದ ದಾರಿಯನ್ನು ಹಿಂಬಾಲಿಸಿದರೆ ಅಮೆರಿಕದ ಉನ್ನತ ಶಿಕ್ಷಣದ ಅರ್ಥವ್ಯವಸ್ಥೆಯ ಒಂದು ಮೂಲೆ ಸ್ಪಷ್ಟವಾಗಿ ಕಾಣಿಸುತ್ತದೆ.

ವಿಲನೋವಾ ದೊಡ್ಡ ಸಂಸ್ಥೆಯೇನಲ್ಲ. ಸಂತ ಆಗಸ್ಟೀನರ ಪರಂಪರೆಯ ಕ್ಯಾಥೊಲಿಕ್ ಪಾದ್ರಿಗಳು 1842ರಲ್ಲಿ ಸ್ಥಾಪಿಸಿದ ಈ ಖಾಸಗಿ ವಿಶ್ವವಿದ್ಯಾಲಯದಲ್ಲಿ ಪದವಿ ತರಗತಿಗಳಲ್ಲಿ ಓದುವವರು ಸುಮಾರು 7 ಸಾವಿರ ಮಂದಿ. 2025ರ ಮೇ ತಿಂಗಳಲ್ಲಿ ಪೋಪ್ ಆಗಿ ಆಯ್ಕೆಯಾದ 14ನೆಯ ಲಿಯೋ ಇಲ್ಲಿಯೇ 1977ರಲ್ಲಿ ಗಣಿತದ ಪದವಿ ಪಡೆದವರೆಂಬ ಕಾರಣಕ್ಕೆ ಇದರ ಹೆಸರು ಈಚೆಗೆ ಲೋಕಕ್ಕೆಲ್ಲ ಕೇಳಿಸಿತು. ಅದಕ್ಕೂ ಮೊದಲು ಹೆಸರು ತಂದುಕೊಟ್ಟದ್ದು ಬ್ಯಾಸ್ಕೆಟ್‌ಬಾಲ್. ಅಮೆರಿಕದಲ್ಲಿ ಕಾಲೇಜು ಕ್ರೀಡೆಯ ನಿಜವಾದ ಹಣದ ಹೊಳೆ ಹರಿಯುವುದು ಅವರದೇ ಬಗೆಯ ಫುಟ್‌ಬಾಲ್‌ನಿಂದ. ಆ ಆಟದ ಅತ್ಯುನ್ನತ ಶ್ರೇಣಿಯಲ್ಲಿ ವಿಲನೋವಾ ಇಲ್ಲ. ಆದ್ದರಿಂದ ಫುಟ್‌ಬಾಲ್ ಪ್ರಸಾರದ ಕೋಟಿಗಳು ಅದರ ಬೊಕ್ಕಸಕ್ಕೆ ಬರುವುದಿಲ್ಲ. ಹಳೆಯ ವಿದ್ಯಾರ್ಥಿಗಳ ಔದಾರ್ಯವನ್ನು ನೆಚ್ಚಿಕೊಳ್ಳದೆ ಗತ್ಯಂತರವಿಲ್ಲ.

ರೈಟ್ ಅವರ ಮೊದಲ ನೌಕರಿಯೇ ಈ ಹೊಸ ಕೆಲಸಕ್ಕೆ ಮುನ್ನುಡಿಯಂತಿದ್ದಿತು. 1983ರಲ್ಲಿ ಬಕ್ನೆಲ್ ವಿಶ್ವವಿದ್ಯಾಲಯದ ಪದವಿ ಪಡೆದ ಮೇಲೆ ಅವರು ಸೇರಿದ್ದು ಫಿಲಡೆಲ್ಫಿಯಾ ಸ್ಟಾರ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡದ ಮಾರ್ಕೆಟಿಂಗ್ ವಿಭಾಗಕ್ಕೆ. ಅನಂತರ ಒಂದೆರಡು ಕಡೆ ಸಹಾಯಕ ತರಬೇತುದಾರರಾಗಿದ್ದು, 1987ರಲ್ಲಿ ವಿಲನೋವಾದ ರೋಲಿ ಮ್ಯಾಸಿಮಿನೊ ಅವರ ಕೈಕೆಳಗೆ ಬಂದರು. ಬಲಿಷ್ಠ ಜಾರ್ಜ್‌ಟೌನ್ ತಂಡವನ್ನು 1985ರ ಫೈನಲ್‌ನಲ್ಲಿ 66–64ರಿಂದ ಮಣಿಸಿ ಇಡೀ ದೇಶವನ್ನು ಬೆರಗುಗೊಳಿಸಿದ್ದವರು ಈ ಮ್ಯಾಸಿಮಿನೊ. ಗುರುವಿನೊಂದಿಗೆ ಎರಡು ವರ್ಷ ಲಾಸ್ ವೇಗಸ್‌ನಲ್ಲಿದ್ದು, 1994ರಿಂದ ಏಳು ವರ್ಷ ಹಾಫ್‌ಸ್ಟ್ರಾದಲ್ಲಿ ಮುಖ್ಯ ತರಬೇತುದಾರರಾಗಿದ್ದು, 2001ರಲ್ಲಿ ರೈಟ್ ವಿಲನೋವಾಕ್ಕೆ ಮರಳಿದರು. ಅಲ್ಲಿ ಗೆದ್ದ ಪಂದ್ಯಗಳು 520.

ಆರಂಭದ ವರ್ಷಗಳು ಸುಗಮವಾಗಿರಲಿಲ್ಲ. 2003ರಲ್ಲಿ ನಡೆದ ಪ್ರಸಂಗವೊಂದನ್ನು ಇಲ್ಲಿ ಹೇಳಲೇಬೇಕು. ವಿಶ್ವವಿದ್ಯಾಲಯದ ಸಿಬ್ಬಂದಿಯೊಬ್ಬರ ದೂರವಾಣಿ ಸಂಕೇತ ಸಂಖ್ಯೆಯನ್ನು ಬಳಸಿ ಹನ್ನೆರಡು ಮಂದಿ ಆಟಗಾರರು ಪುಕ್ಕಟೆಯಾಗಿ ಮನೆಗೋ ಗೆಳೆಯರಿಗೋ ದೂರದ ಕರೆ ಮಾಡಿದ್ದರು. ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆಯಾದ ಎನ್‌ಸಿಎಎ ನಿಯಮಗಳ ಪ್ರಕಾರ ಅದು ಅಪರಾಧ. ಹನ್ನೆರಡು ಮಂದಿಯನ್ನೂ ಪಂದ್ಯಗಳಿಂದ ಅಮಾನತು ಮಾಡಲಾಯಿತು. ಆಟಗಾರ ವಿದ್ಯಾರ್ಥಿವೇತನದ ಹೊರತು ಬಿಡಿಗಾಸಿನ ಸವಲತ್ತನ್ನೂ ಮುಟ್ಟಬಾರದೆಂಬುದು ಆ ಕಾಲದ ಧರ್ಮಸೂತ್ರ. ಅದೇ ಕಾಲದಲ್ಲಿ ತರಬೇತುದಾರರ ಸಂಬಳ ಲಕ್ಷಗಳನ್ನು ದಾಟಿ ಮಿಲಿಯನ್‌ಗಳತ್ತ ಸಾಗಿದ್ದಿತೆಂಬುದನ್ನು ಮರೆಯಬಾರದು.

ಮುಂದಿನದು ಯಶಸ್ಸಿನ ಕಥೆ. 2016ರ ಏಪ್ರಿಲ್ 4ರಂದು ಹ್ಯೂಸ್ಟನ್‌ನಲ್ಲಿ ನಾರ್ತ್ ಕೆರೊಲಿನಾ ವಿರುದ್ಧ ಫೈನಲ್ 74–74ರಲ್ಲಿ ನಿಂತಿದ್ದಾಗ ಉಳಿದಿದ್ದದ್ದು 4.7 ಸೆಕೆಂಡು. ರಯಾನ್ ಆರ್ಚಿಡಿಯಾಕೊನೊ ಚೆಂಡನ್ನು ಒಯ್ದು, ತಾನೇ ಎಸೆಯುವ ಆಸೆಯನ್ನು ಬಿಟ್ಟು, ಹಿಂದೆ ಬರುತ್ತಿದ್ದ ಕ್ರಿಸ್ ಜೆಂಕಿನ್ಸ್‌ಗೆ ದಾಟಿಸಿದರು. ಜೆಂಕಿನ್ಸ್ ಎಸೆದ ಚೆಂಡು ಬುಟ್ಟಿಗೆ ಬೀಳುವ ಮೊದಲೇ ಗಡಿಯಾರ ಸೊನ್ನೆ ಮುಟ್ಟಿತ್ತು. ಸುತ್ತಲಿನವರೆಲ್ಲ ಹುಚ್ಚೆದ್ದು ಕುಣಿಯುತ್ತಿದ್ದರೆ ರೈಟ್ ಮಾತ್ರ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಎದುರಾಳಿ ತರಬೇತುದಾರರ ಕೈಕುಲುಕಲು ಹೊರಟ ದೃಶ್ಯವನ್ನು ಲಕ್ಷಾಂತರ ಜನ ಟಿವಿಯಲ್ಲಿ ನೋಡಿದರು. ಎರಡು ವರ್ಷಗಳ ನಂತರ, 2018ರಲ್ಲಿ, ಮಿಷಿಗನ್ ತಂಡವನ್ನು 79–62ರಿಂದ ಸೋಲಿಸಿ ಮತ್ತೊಮ್ಮೆ ಪ್ರಶಸ್ತಿ. 2021ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಕೀರ್ತಿಭವನದಲ್ಲಿ ಸ್ಥಾನ. ಅವರ ಶಿಷ್ಯರಾದ ಜೇಲನ್ ಬ್ರನ್ಸನ್, ಜಾಶ್ ಹಾರ್ಟ್, ಮಿಕಾಲ್ ಬ್ರಿಜಸ್ ಮುಂದೆ ನ್ಯೂಯಾರ್ಕ್ ನಿಕ್ಸ್ ತಂಡದಲ್ಲಿ ಒಟ್ಟಿಗೆ ಆಡಿದರು.

ಗೆಲುವಿನ ಬೆನ್ನಲ್ಲೇ ದೇಣಿಗೆ ಬರುತ್ತದೆ. ವಿಲನೋವಾದ ಕ್ರೀಡಾಂಗಣದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಅದು ಎಚ್ಚರಿಕೆಯ ಕಥೆಯೂ ಹೌದು. 1986ರಲ್ಲಿ ತೆರೆದ ಆ ಭವನಕ್ಕೆ ದಾನಿಯಾಗಿದ್ದ ಜಾನ್ ಡು ಪಾಂಟ್ ಅವರ ಹೆಸರನ್ನಿಡಲಾಯಿತು. ರಾಸಾಯನಿಕ ಉದ್ಯಮದ ಮಹಾ ಶ್ರೀಮಂತ ಮನೆತನದ ಈ ವಾರಸುದಾರನಿಗೆ ಕುಸ್ತಿಯ ಹುಚ್ಚು. 1996ರ ಜನವರಿಯಲ್ಲಿ ತನ್ನದೇ ಎಸ್ಟೇಟಿನಲ್ಲಿ ಆಶ್ರಯ ಕೊಟ್ಟಿದ್ದ ಒಲಿಂಪಿಕ್ ಚಿನ್ನದ ಪದಕ ವಿಜೇತ ಕುಸ್ತಿಪಟು ಡೇವ್ ಶುಲ್ಟ್ಜ್ ಅವರನ್ನು ಈತ ಗುಂಡಿಟ್ಟು ಕೊಂದ. 1997ರಲ್ಲಿ ಅಪರಾಧ ಸಾಬೀತಾದ ಮೇಲೆ ಭವನದ ಮೇಲಿನ ಹೆಸರನ್ನು ಕಿತ್ತುಹಾಕಲಾಯಿತು. ಅಲ್ಲಿಂದಾಚೆಗೆ ಎರಡು ದಶಕ ಅದು ಬರಿಯ 'ಪೆವಿಲಿಯನ್'. ಕೊನೆಗೆ ಹಳೆಯ ವಿದ್ಯಾರ್ಥಿ ವಿಲಿಯಂ ಫಿನೆರನ್ 2.26 ಕೋಟಿ ಡಾಲರ್ ಕೊಟ್ಟರು, ಸುಮಾರು 6.5 ಕೋಟಿ ಡಾಲರ್ ವೆಚ್ಚದಲ್ಲಿ ನವೀಕರಣಗೊಂಡ ಭವನ 2018ರಲ್ಲಿ ಅವರ ಹೆಸರಿನಲ್ಲಿ ತೆರೆಯಿತು. ಅದರೊಳಗೆ ಕೂರಬಹುದಾದವರು ಆರೇಳು ಸಾವಿರ ಮಂದಿ ಮಾತ್ರ ಎಂಬುದನ್ನು ಗಮನಿಸಿದರೆ, ಟಿಕೆಟ್ ಮಾರಾಟದ ಲೆಕ್ಕದಿಂದ ಯಾವ ವ್ಯಾಪಾರಿಯೂ ಇಷ್ಟು ಹಣ ಹೂಡಲಾರನೆಂಬುದು ತಿಳಿಯುತ್ತದೆ. ಎರಡು ರಾಷ್ಟ್ರೀಯ ಪ್ರಶಸ್ತಿಗಳ ನಡುವೆ ಎದ್ದ ಕಟ್ಟಡವದು.

ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕಳೆದ ನನ್ನಂಥವನಿಗೆ ಇದೆಲ್ಲ ತುಸು ವಿಚಿತ್ರವಾಗಿ ತೋರುತ್ತದೆ. ನಮ್ಮ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಚೆಂಡು, ಬಲೆ ಕೊಳ್ಳುವುದಕ್ಕೂ ವಿದ್ಯಾರ್ಥಿಗಳ ಕ್ರೀಡಾ ಶುಲ್ಕವನ್ನೋ ಇಲಾಖೆಯ ಅನುದಾನವನ್ನೋ ಕಾಯಬೇಕು. ದಾನಿಗಳ ಮನೆ ಬಾಗಿಲಿಗೆ ಹೋದರೂ ಅದು ಒಂದು ಪಂದ್ಯಾವಳಿಯ ಊಟಕ್ಕೋ ಬಹುಮಾನದ ಬಟ್ಟಲಿಗೋ ಸೀಮಿತ. ಅಲ್ಲಿ ಹಾಗಲ್ಲ. ದೇಣಿಗೆ ಎತ್ತುವುದೇ ಒಂದು ಪೂರ್ಣಾವಧಿ ವೃತ್ತಿ. ಯಾವ ಹಳೆಯ ವಿದ್ಯಾರ್ಥಿ ಯಾವಾಗ ಕಂಪನಿ ಮಾರಿದ, ಯಾರ ಮಗಳು ಈ ವರ್ಷ ಸೇರಿದಳು, ಯಾರು ಉಯಿಲು ಬರೆಸುವ ವಯಸ್ಸಿಗೆ ಬಂದಿದ್ದಾರೆ ಎಂಬುದನ್ನೆಲ್ಲ ದಾಖಲಿಸಿಡುವ ಕಚೇರಿಗಳಿವೆ. ವಾರ್ಷಿಕ ವಂತಿಗೆ ಬೇರೆ, ಕಟ್ಟಡದ ದೊಡ್ಡ ದೇಣಿಗೆ ಬೇರೆ, ಬಡ್ಡಿಯಿಂದ ವಿದ್ಯಾರ್ಥಿವೇತನ ನಡೆಯುವ ಶಾಶ್ವತ ದತ್ತಿ ಬೇರೆ. ಇಷ್ಟೆಲ್ಲ ಸಿದ್ಧತೆ ಮಾಡುವ ಕಚೇರಿಗೆ ಒಂದು ಮಾತ್ರ ಸಾಧ್ಯವಿಲ್ಲ: ಶ್ರೀಮಂತನೊಬ್ಬ ತಾನಾಗಿಯೇ ಎದ್ದು ಬಂದು ಬಾಗಿಲು ತೆರೆಯುವಂತೆ ಮಾಡುವುದು. ಅದು ತರಬೇತುದಾರನಿಗೆ ಸಾಧ್ಯ.

ಯೋಚಿಸಿದರೆ ಇದು ಹೊಸ ವಿದ್ಯೆಯಲ್ಲ. ಕಾಲೇಜು ತರಬೇತುದಾರನ ಅರ್ಧ ಆಯುಷ್ಯ ಕಳೆಯುವುದು ಹದಿನೇಳರ ಹುಡುಗರ ಮನೆಗಳಲ್ಲಿ ಕುಳಿತು ಅವರ ತಾಯಿಯನ್ನು ಒಪ್ಪಿಸುವುದರಲ್ಲಿ. 'ನಿಮ್ಮ ಮಗನನ್ನು ನಾನು ನೋಡಿಕೊಳ್ಳುತ್ತೇನೆ' ಎಂದು ಹೇಳಿ ನಂಬಿಸುವುದು, ಹೇಳಿದಂತೆ ನಡೆದುಕೊಳ್ಳುವುದು, ಆ ಸುದ್ದಿ ಮುಂದಿನ ತಾಯಿಗೆ ತಲುಪುವುದು. ಹೀಗೆ ವರ್ಷಗಟ್ಟಲೆ ಕೂಡಿದ ವಿಶ್ವಾಸವನ್ನು ಅರ್ಥಶಾಸ್ತ್ರದ ಭಾಷೆಯಲ್ಲಿ ಬಂಡವಾಳವೆನ್ನಲು ಅಡ್ಡಿಯಿಲ್ಲ. ನಿವೃತ್ತಿಯ ನಂತರ ಅದು ಸುಮ್ಮನೆ ಕೊಳೆಯಬಾರದೆಂದು ವಿಶ್ವವಿದ್ಯಾಲಯ ಬಯಸುವುದು ಸಹಜ. ಇದರಲ್ಲಿ ರೈಟ್ ಮೊದಲಿಗರೂ ಅಲ್ಲ. ಅದೇ 2022ರಲ್ಲಿ ನಿವೃತ್ತರಾದ ಡ್ಯೂಕ್‌ನ ಮೈಕ್ ಶಶೆಫ್‌ಸ್ಕಿ, ತಮ್ಮ ತಂಡಕ್ಕೆ ಶಾಶ್ವತ ದತ್ತಿ ಕಟ್ಟಲೆಂದು 2000ದಲ್ಲಿಯೇ ಒಂದು ನಿಧಿಯನ್ನು ಆರಂಭಿಸಿದ್ದರು. ನಾರ್ತ್ ಕೆರೊಲಿನಾದ ರಾಯ್ ವಿಲಿಯಮ್ಸ್ ಕೇಳುವವರಾಗದೆ ಕೊಡುವವರಾದರು. 2021ರಲ್ಲಿ ಅವರೂ ಪತ್ನಿಯೂ ವಿದ್ಯಾರ್ಥಿವೇತನಕ್ಕೆಂದು 30 ಲಕ್ಷ ಡಾಲರ್ ನೀಡಿದರು.

ಇಲ್ಲಿಯವರೆಗೆ ತಕರಾರಿಗೆ ಎಡೆಯಿಲ್ಲ. ಆದರೆ ರೈಟ್ ಅಂಕಣ ಬಿಟ್ಟ ಹೊತ್ತಿಗೆ, ಸಂಗ್ರಹಿಸಿದ ಹಣ ಯಾವುದಕ್ಕೆ ಹೋಗುತ್ತದೆ ಎಂಬುದೇ ಬದಲಾಗತೊಡಗಿದ್ದಿತು.

ಅಮೆರಿಕದ ಕಾಲೇಜು ಕ್ರೀಡೆ 'ವಿದ್ಯಾರ್ಥಿ-ಕ್ರೀಡಾಪಟು' ಎಂಬ ಪದದ ಮೇಲೆ ನಿಂತಿದ್ದಿತು. ಎನ್‌ಸಿಎಎಯನ್ನು ಮೂರೂವರೆ ದಶಕ ಆಳಿದ ವಾಲ್ಟರ್ ಬೈಯರ್ಸ್ 1950ರ ದಶಕದಲ್ಲಿ ಈ ಪದವನ್ನು ಚಲಾವಣೆಗೆ ತಂದದ್ದು ಆಟಗಾರರನ್ನು ನೌಕರರೆಂದು ಪರಿಗಣಿಸಿ ಗಾಯಗಳಿಗೆ ಪರಿಹಾರ ಕೊಡಬೇಕಾದೀತೆಂಬ ಭಯದಿಂದ. ನಿವೃತ್ತಿಯ ನಂತರ 1995ರಲ್ಲಿ ಬರೆದ ಪುಸ್ತಕದಲ್ಲಿ ಅವರೇ ಈ ವ್ಯವಸ್ಥೆಯನ್ನು ಕಟುವಾಗಿ ಟೀಕಿಸಿದರು. ಅಷ್ಟರಲ್ಲಿ ಹಣ ಬೆಳೆಯುತ್ತಲೇ ಇದ್ದಿತು. ಮಾರ್ಚ್ ತಿಂಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಪ್ರಸಾರ ಹಕ್ಕನ್ನು 2010ರಲ್ಲಿ 14 ವರ್ಷಗಳಿಗೆ 1,080 ಕೋಟಿ ಡಾಲರ್‌ಗೂ, 2016ರಲ್ಲಿ ಮುಂದಿನ 8 ವರ್ಷಗಳ ವಿಸ್ತರಣೆಗೆ 880 ಕೋಟಿ ಡಾಲರ್‌ಗೂ ಮಾರಲಾಯಿತು. ಆಡುವವನಿಗೆ ದೂರವಾಣಿ ಕರೆಯೂ ನಿಷಿದ್ಧ.

ಈ ಸೌಧಕ್ಕೆ ಪೆಟ್ಟು ಬಿದ್ದದ್ದು 2021ರ ಜೂನ್‌ನಲ್ಲಿ. ಆಲ್ಸ್‌ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪಿತ್ತರು. ಮರು ತಿಂಗಳ ಮೊದಲ ದಿನದಿಂದಲೇ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದೆಂದಾಯಿತು. ಹೆಸರಿಗೆ ಜಾಹೀರಾತಿನ ಹಣ, ನಡೆದದ್ದೇ ಬೇರೆ. ಹಳೆಯ ವಿದ್ಯಾರ್ಥಿಗಳೂ ಅಭಿಮಾನಿಗಳೂ ಸೇರಿ 'ಕಲೆಕ್ಟಿವ್' ಎಂಬ ಕೂಟಗಳನ್ನು ಕಟ್ಟಿ, ಚಂದಾ ಎತ್ತಿ, ಆ ಹಣದಿಂದ ಆಟಗಾರರನ್ನು ಸೆಳೆಯತೊಡಗಿದರು. ಬಳಿಕ 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಹೌಸ್ ಮೊಕದ್ದಮೆಯ ರಾಜಿಗೆ ಒಪ್ಪಿಗೆ ಕೊಟ್ಟರು. ಹಿಂದಿನ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಬಾಕಿ. ಮೇಲಾಗಿ ವಿಶ್ವವಿದ್ಯಾಲಯಗಳೇ ಇನ್ನು ಮುಂದೆ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, 2025–26ರ ಸಾಲಿಗೆ ಒಂದು ಸಂಸ್ಥೆಗೆ ಸುಮಾರು 2.05 ಕೋಟಿ ಡಾಲರ್ ಮಿತಿ.

ಈ ಬದಲಾವಣೆಗಳಿಂದ ಬೇಸತ್ತು ಬಿಟ್ಟೆನೆಂದು ರೈಟ್ ಹೇಳಲಿಲ್ಲ. ಮೊದಲಿದ್ದ ಆವೇಶ ತನ್ನೊಳಗೆ ಸಹಜವಾಗಿ ಉಕ್ಕುತ್ತಿಲ್ಲವೆಂಬ ಕಾರಣವನ್ನಷ್ಟೇ ಕೊಟ್ಟರು. ಅದನ್ನು ನಂಬದಿರಲು ನನಗೆ ಕಾರಣವಿಲ್ಲ. ಪ್ರಶ್ನೆ ಅವರ ಮನಸ್ಸಿನದಲ್ಲ, ಅವರ ಕೈಗೆ ಕೊಟ್ಟ ಜೋಳಿಗೆಯದು. ಅದಕ್ಕೆ ಬಿದ್ದ ಡಾಲರ್ ಹಿಂದೆ ಇಟ್ಟಿಗೆಯಾಗುತ್ತಿತ್ತು, ವಿದ್ಯಾರ್ಥಿವೇತನವಾಗುತ್ತಿತ್ತು. ಈಗ ಅದು ಆಟಗಾರನ ಸಂಬಳದ ಚೀಟಿಯೂ ಆಗುತ್ತದೆ.

ಆಟಗಾರನಿಗೆ ಸಂಬಳ ಸಿಗಬಾರದೆಂದು ನಾನು ಹೇಳುತ್ತಿಲ್ಲ. ದುಡಿದವನಿಗೆ ಕೂಲಿ ನ್ಯಾಯ. ಅದು ತಡವಾಗಿ ಬಂದ ನ್ಯಾಯ. ಆದರೆ ಕೂಲಿ ಹುಟ್ಟಬೇಕಾದದ್ದು ಆದಾಯದಿಂದ, ದಾನದಿಂದಲ್ಲ. ನಮ್ಮ ಆದಾಯ ತೆರಿಗೆಯಲ್ಲಿ ವಿನಾಯಿತಿ ಇರುವಂತೆ ಅಲ್ಲಿಯೂ ಶಿಕ್ಷಣ ಸಂಸ್ಥೆಗೆ ಕೊಟ್ಟ ದೇಣಿಗೆಗೆ ತೆರಿಗೆ ರಿಯಾಯಿತಿ ಇದೆ. ಆ ರಿಯಾಯಿತಿಯ ಅರ್ಥ, ದಾನಿ ಕೊಟ್ಟದ್ದರಲ್ಲಿ ಒಂದು ಪಾಲನ್ನು ಸಮಸ್ತ ತೆರಿಗೆದಾರರು ಭರಿಸುತ್ತಾರೆ ಎಂದು. ಕ್ರೀಡೆಯ ವಿಷಯದಲ್ಲಿ ಈ ರಿಯಾಯಿತಿ ಮೊದಲಿನಿಂದಲೂ ಸಡಿಲವಾಗಿಯೇ ಇದ್ದಿತು. ಒಳ್ಳೆಯ ಆಸನದ ಟಿಕೆಟ್ ಕೊಳ್ಳುವ ಹಕ್ಕಿಗಾಗಿ ಕೊಟ್ಟ 'ದೇಣಿಗೆ'ಯ ಶೇ 80ರಷ್ಟನ್ನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆಯಲು 1988ರ ಕಾನೂನೊಂದು ಅವಕಾಶ ಕೊಟ್ಟಿದ್ದಿತು. ಕಾಸಿಗೆ ತಕ್ಕ ಕಜ್ಜಾಯವನ್ನು ದಾನವೆಂದು ಕರೆದ ಈ ಚಮತ್ಕಾರ ಮೂರು ದಶಕ ನಡೆದು 2017ರ ತೆರಿಗೆ ಕಾಯಿದೆಯಿಂದ ನಿಂತಿತು. 2023ರ ಜೂನ್‌ನಲ್ಲಿ ತೆರಿಗೆ ಇಲಾಖೆಯ ಕಾನೂನು ಅಧಿಕಾರಿಗಳು, ದತ್ತಿ ಸಂಸ್ಥೆಗಳೆಂದು ಹೇಳಿಕೊಳ್ಳುತ್ತಿದ್ದ ಕಲೆಕ್ಟಿವ್‌ಗಳಲ್ಲಿ ಹಲವು ಆ ಮಾನ್ಯತೆಗೆ ಅರ್ಹವಲ್ಲ, ಅವುಗಳ ಲಾಭ ಹೋಗುವುದು ಸಾರ್ವಜನಿಕರಿಗಲ್ಲ, ಕೆಲವೇ ಆಟಗಾರರಿಗೆ ಎಂದು ಅಭಿಪ್ರಾಯಪಟ್ಟರು. ಸರಿಯಾದ ಮಾತು. ಈಗ ಸಂಬಳವನ್ನು ವಿಶ್ವವಿದ್ಯಾಲಯವೇ ಕೊಡುವುದರಿಂದ ಅದೇ ಹಣ ಮುಂಬಾಗಿಲಿನಿಂದ, ದೇಣಿಗೆಯ ರಸೀತಿಯೊಂದಿಗೆ, ಒಳಬರಬಹುದು. ಹಣಕ್ಕೆ ಬಣ್ಣವಿಲ್ಲ, ವಿದ್ಯಾರ್ಥಿವೇತನಕ್ಕೆ ಕೊಟ್ಟ ಡಾಲರ್, ಬೇರೆ ಖಾತೆಯಲ್ಲಿ ಸಂಬಳಕ್ಕೆ ಇನ್ನೊಂದು ಡಾಲರನ್ನು ಬಿಡುಗಡೆ ಮಾಡುತ್ತದೆ. ಖಜಾನೆಯ ಲೆಕ್ಕ ನೋಡಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಇದರ ಹೊರೆ ಬೀಳುವುದು ಪ್ರೇಕ್ಷಕರಿಲ್ಲದ ಆಟಗಳ ಮೇಲೆ. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯವಾದ ಕ್ಯಾಲ್ ಪಾಲಿ, 2025ರ ಮಾರ್ಚ್‌ನಲ್ಲಿ ಈ ರಾಜಿಯ ಆರ್ಥಿಕ ಪರಿಣಾಮವನ್ನು ಕಾರಣವಾಗಿ ಮುಂದಿಟ್ಟು ತನ್ನ ಈಜು ವಿಭಾಗವನ್ನೇ ಮುಚ್ಚಿತು. ಮೊಕದ್ದಮೆಗೆ ತನ್ನ ಹೆಸರು ಕೊಟ್ಟ ಗ್ರ್ಯಾಂಟ್ ಹೌಸ್ ಕೂಡ ಈಜುಗಾರನೇ. ಇನ್ನು ಬಾಕಿ ಪರಿಹಾರದ ಹಣದಲ್ಲಿ ಒಂದು ಭಾಗವನ್ನು, ಮೊಕದ್ದಮೆಯಲ್ಲಿ ಪ್ರತಿವಾದಿಗಳೇ ಆಗಿರದ ಸಣ್ಣ ಒಕ್ಕೂಟಗಳ ಪಾಲಿನಿಂದಲೂ ಕಡಿತ ಮಾಡಲಾಗುತ್ತಿದೆ. ವಿಲನೋವಾ ಇರುವ ಬಿಗ್ ಈಸ್ಟ್ ಒಕ್ಕೂಟವೂ ಆ ಸಾಲಿನಲ್ಲಿದೆ. ದೇಣಿಗೆ ಎತ್ತಬಲ್ಲ ಹೆಸರಾಂತ ತರಬೇತುದಾರರಿಲ್ಲದ ನೂರಾರು ಕಾಲೇಜುಗಳ ಗತಿಯೇನು ಎಂಬುದನ್ನು ಆ ರಾಜಿ ಕೇಳಿಲ್ಲ. ಮಾಡಬಹುದಾದದ್ದು ಕಷ್ಟದ ಕೆಲಸವೇನಲ್ಲ: ಆಟಗಾರರ ಸಂಬಳದ ಖಾತೆಯನ್ನು ಕ್ರೀಡಾ ವಿಭಾಗದ ದೇಣಿಗೆ ಖಾತೆಯಿಂದ ಬೇರ್ಪಡಿಸಿ, ಪ್ರಸಾರ ಮತ್ತು ಟಿಕೆಟ್ ಆದಾಯದಿಂದ ಮಾತ್ರ ತುಂಬುವಂತೆ ಮಾಡುವುದು, ಅದಕ್ಕೆ ಯಾರಾದರೂ ಕೈಯಿಂದ ಕೊಡಬಯಸಿದರೆ ತೆರಿಗೆ ರಿಯಾಯಿತಿಯಿಲ್ಲದೆ ಕೊಡಲಿ. ದಾನಿಗೂ ತಾನು ಏನನ್ನು ಕೊಳ್ಳುತ್ತಿದ್ದೇನೆಂಬುದು ಆಗ ತಿಳಿಯುತ್ತದೆ.

ವಿಲನೋವಾದಲ್ಲಿ ರೈಟ್ ನಂತರ ಬಂದವರು ಅವರ ಬಳಿಯೇ ಸಹಾಯಕರಾಗಿದ್ದ ಕೈಲ್ ನೆಪ್ಚೂನ್. ಮೂರು ಋತುಗಳಲ್ಲಿ ಒಮ್ಮೆಯೂ ತಂಡ ರಾಷ್ಟ್ರೀಯ ಪಂದ್ಯಾವಳಿಯನ್ನು ಮುಟ್ಟಲಿಲ್ಲ. 2025ರ ಮಾರ್ಚ್‌ನಲ್ಲಿ ಅವರನ್ನು ತೆಗೆದುಹಾಕಲಾಯಿತು. ಅದೇ ತಿಂಗಳು, ಮೇರಿಲ್ಯಾಂಡ್ ತಂಡದೊಂದಿಗೆ ಪಂದ್ಯಾವಳಿ ಆಡುತ್ತಿದ್ದ ಕೆವಿನ್ ವಿಲರ್ಡ್, ತಮ್ಮ ತಂಡಕ್ಕೂ ಆಟಗಾರರಿಗೂ ಸಿಗುತ್ತಿರುವ ಹಣ ಸಾಲದೆಂದು ಪತ್ರಿಕಾಗೋಷ್ಠಿಯಲ್ಲಿಯೇ ಬಹಿರಂಗವಾಗಿ ದೂರಿದರು. ಕೆಲವೇ ದಿನಗಳಲ್ಲಿ ಅವರು ವಿಲನೋವಾದ ತರಬೇತುದಾರರಾದರು. ಅಂಥವರನ್ನು ಕರೆತರುವಾಗ ಯಾವ ಬಗೆಯ ಭರವಸೆ ಕೊಡಬೇಕಾಗಿ ಬಂದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಫುಟ್‌ಬಾಲ್ ಆದಾಯವಿಲ್ಲದ, ಆರೇಳು ಸಾವಿರ ಆಸನಗಳ ಕ್ರೀಡಾಂಗಣವಿರುವ ಸಂಸ್ಥೆಗೆ ಆ ಹಣದ ದೊಡ್ಡ ಪಾಲು, ಹಳೆಯ ತರಬೇತುದಾರ ಹೆಸರು ಹಿಡಿದು ಕರೆಯಬಲ್ಲ ಜನರ ಮನೆಗಳಿಂದಲೇ ಬರಬೇಕಾಗುತ್ತದೆ.